ತೀರ್ಪೆಲ್ಲ ಮೊಬೈಲ್‌ನಲ್ಲೇ ಇರುವಾಗ ಲಾ ಲೈಬ್ರರಿಯನ್ ಬೇಕಾ?

ಪ್ರಶ್ನೆ: ಮಗಳು ಲೈಬ್ರರಿ ಸೈನ್ಸ್ ಓದುತ್ತಿದ್ದಾಳೆ, ಲಾ ಕಾಲೇಜಿನಲ್ಲೇ ಕೆಲಸ ಮಾಡ್ತೀನಿ ಅಂತಾಳೆ. ಎಲ್ಲಾ ಆನ್‌ಲೈನ್ ಆಗಿರುವಾಗ ಆ ಕೆಲಸ ಉಳಿಯುತ್ತಾ?
– ತಾಯಿಯೊಬ್ಬರು, ದಾವಣಗೆರೆ

ಉತ್ತರ: ಧೈರ್ಯವಾಗಿ ಓದಿಸಿ, ಅಮ್ಮಾ. ಕಪಾಟಿನಿಂದ ಎಐಆರ್ (ಕೋರ್ಟ್ ತೀರ್ಪುಗಳನ್ನು ಅಚ್ಚು ಹಾಕುವ ಆಲ್ ಇಂಡಿಯಾ ರಿಪೋರ್ಟರ್) ಸಂಪುಟ ಹುಡುಕಿ ಕೊಡುವ ಕೆಲಸ ಕಡಿಮೆಯಾಗಿದೆ, ನಿಜ. 2023ರಲ್ಲಿ ಸುಪ್ರೀಂ ಕೋರ್ಟಿನದೇ ಆನ್‌ಲೈನ್ ತೀರ್ಪು ಸಂಗ್ರಹ ಇ-ಎಸ್‌ಸಿಆರ್ ಬಂದ ಮೇಲೆ ಸುಪ್ರೀಂ ಕೋರ್ಟ್ ತೀರ್ಪುಗಳು ಪುಕ್ಕಟೆಯಾಗಿ ಸಿಗುತ್ತವೆ, ದಾವಣಗೆರೆ ಕೋರ್ಟ್ ಆವರಣದಲ್ಲಿ ನಿಂತೇ ಜೂನಿಯರ್ ವಕೀಲರು ಓದಬಹುದು.

ಆದರೆ ಸಿಕ್ಕಿದ್ದು ಇವತ್ತಿಗೂ ಊರ್ಜಿತವಾ ಅಂತ ಯಾರಾದರೂ ನೋಡಬೇಕಲ್ವಾ? ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದವರಿಗೆ ಶಿಕ್ಷೆ ಕೊಡುವ, ಐಟಿ ಕಾಯ್ದೆಯ 66ಎ ಕಲಂ 2015ರಲ್ಲೇ ರದ್ದಾಯಿತು. ಆದರೂ ಪೊಲೀಸರು ಅದರಡಿ ಕೇಸು ಹಾಕುತ್ತಲೇ ಇದ್ದರು, 2021ರಲ್ಲಿ ಸುಪ್ರೀಂ ಕೋರ್ಟೇ ಆಘಾತ ವ್ಯಕ್ತಪಡಿಸಿತು. ಪುಸ್ತಕದಲ್ಲಿ ಕಲಂ ಹಾಗೇ ಅಚ್ಚಾಗಿದೆ, ರದ್ದಾದ ವಿಷಯ ಅಡಿಟಿಪ್ಪಣಿಯಲ್ಲಿದೆ ಅಂತ ಅಟಾರ್ನಿ ಜನರಲ್ ಆಗ ಹೇಳಿದ್ದರು. ಆ ಅಡಿಟಿಪ್ಪಣಿ ಮೇಲೆ ಬೆರಳಿಟ್ಟು ತೋರಿಸುವವರೇ ಒಳ್ಳೆಯ ಲೈಬ್ರರಿಯನ್.

ಈಗ ಇನ್ನೂ ಜಾಸ್ತಿ ಕೆಲಸ. 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆ (ಐಪಿಸಿ) ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ವಂಚನೆಯ ಹಳೆಯ ಕಲಂ 420 ಈಗ 318(4). ಅದಕ್ಕೂ ಮುಂಚಿನ ಅಪರಾಧಗಳಿಗೆ ಐಪಿಸಿಯೇ ಅನ್ವಯ, ಹಾಗಾಗಿ ಲಾ ಓದುವ ಹುಡುಗರಿಗೆ ಎರಡೂ ಗೊತ್ತಿರಬೇಕು. ಎಐ ಕೊಟ್ಟಿದ್ದನ್ನೂ ಯಾರಾದರೂ ಪರೀಕ್ಷಿಸಬೇಕು: ಚಾಟ್‌ಜಿಪಿಟಿ ಸುಮ್ನೆ ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು ನ್ಯೂಯಾರ್ಕ್‌ನ ವಕೀಲರು 2023ರಲ್ಲಿ 5,000 ಡಾಲರ್ ದಂಡ ಕಟ್ಟಬೇಕಾಯಿತು.

ಮಗಳಿಗೆ ಎಸ್‌ಸಿಸಿ ಆನ್‌ಲೈನ್, ಮನುಪಾತ್ರದಂಥ ಕಾನೂನು ಡೇಟಾಬೇಸ್‌ಗಳಲ್ಲಿ ಹುಡುಕುವುದನ್ನು ಈಗಲೇ ಕಲಿಯಲು ಹೇಳಿ. ಸಾಧ್ಯವಾದರೆ ಮುಂದೆ ಎಲ್‌ಎಲ್‌ಬಿಯನ್ನೂ ಓದಲಿ, ತುಂಬಾ ಅನುಕೂಲವಾಗುತ್ತದೆ.