ಎರಡು ದೇಶಗಳ ಪೌರತ್ವ ಇರುವವರನ್ನು ಸಂಸತ್ತಿಗೆ ಬಿಡಬೇಕಾ? ಆಸ್ಟ್ರೇಲಿಯಾ ಯಾಕೆ ಬಿಡಲ್ಲ?

ಅವಕಾಶ ಕೊಡಬೇಕು ಅನ್ನೋದೇ ನನ್ನ ಉತ್ತರ. ಆದರೆ ಆಸ್ಟ್ರೇಲಿಯಾದ ಸಂವಿಧಾನದ 44ನೇ ವಿಧಿ ಒಪ್ಪಲ್ಲ, ನಿಷ್ಠೆ ಎರಡಾಗುತ್ತದೆ ಅನ್ನುವ ಭಯಕ್ಕೆ.

ತೊಡಕು ಇರುವುದು ಇಲ್ಲಿ: ಯಾರು ತನ್ನ ಪ್ರಜೆ ಅಂತ ಪ್ರತಿ ದೇಶವೂ ತನ್ನ ಕಾನೂನಿನಲ್ಲೇ ಬರೆದುಕೊಳ್ಳುತ್ತದೆ. ನೀವು ಅರ್ಜಿ ಹಾಕಬೇಕಾಗಿಲ್ಲ, ನಿಮಗೆ ಗೊತ್ತೂ ಇರಬೇಕಾಗಿಲ್ಲ. ಉಪಪ್ರಧಾನಿಯಾಗಿದ್ದ ಬಾರ್ನಬಿ ಜಾಯ್ಸ್ ಹುಟ್ಟಿದ್ದು ಆಸ್ಟ್ರೇಲಿಯಾದ ಟ್ಯಾಮ್‌ವರ್ತ್‌ನಲ್ಲಿ. ಅಪ್ಪ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ಅಷ್ಟಕ್ಕೇ ಮಗನೂ ಅಲ್ಲಿನ ಪ್ರಜೆಯಾಗಿದ್ದರು! 2017ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ (ಅಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟು) ಅವರೂ ಸೇರಿ ಐದು ಜನರನ್ನು ಅನರ್ಹಗೊಳಿಸಿತು. ಅಷ್ಟರಲ್ಲಿ ಆ ಪೌರತ್ವ ಬಿಟ್ಟಿದ್ದ ಜಾಯ್ಸ್, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅದೇ ಕ್ಷೇತ್ರದಿಂದ ಗೆದ್ದು ಬಂದರು. ಅವರ ನಿಷ್ಠೆಯಲ್ಲಿ ಬದಲಾಗಿದ್ದಾದರೂ ಏನು?

ಎರಡನೇ ಪೌರತ್ವ ಇದ್ದರೆ ಅಭ್ಯರ್ಥಿ ಮೊದಲೇ ಹೇಳಲಿ, ಮತದಾರರು ತೀರ್ಮಾನಿಸಲಿ. ಬ್ರಿಟನ್, ಕೆನಡಾಗಳಲ್ಲಿ ಇಂಥವರು ಸಂಸದರಾಗಬಹುದು.