ಕಲ್ಯಾಣ ಕರ್ನಾಟಕ ಪ್ರತ್ಯೇಕ ರಾಜ್ಯ ಆಗದೆ ನಮಗೆ ಕೆಲಸ ಸಿಗುತ್ತಾ? ಹೋರಾಟಕ್ಕೆ ಸೇರಲಾ?

ಯಾದಗಿರಿಯವರು, ಡಿಗ್ರಿ ಮುಗಿದಿದೆ, ಬೆಂಗಳೂರಿಗೆ ನಮ್ಮ ಕೂಗು ಕೇಳಿಸಲ್ಲ ಅಂತೀರಿ. ಆ ವಯಸ್ಸಿನಲ್ಲಿ ನಾನೂ ಕಲಬುರಗಿಯಲ್ಲಿ ಅದನ್ನೇ ಹೇಳುತ್ತಾ ಓಡಾಡಿದವನು. ನವೆಂಬರ್ 1 ಬಂತೆಂದರೆ ಪ್ರತ್ಯೇಕ ಧ್ವಜ ಹಾರಿಸುವವರ ಹಿಂದೆ ಹೋಗುವುದು, ಪೊಲೀಸರು ವ್ಯಾನ್ ಹತ್ತಿಸಿಕೊಂಡು ಹೋಗಿ ಸಂಜೆ ಬಿಡುವುದು.

ಸಿಟ್ಟಿಗೆ ಕಾರಣ ಇತ್ತು. ನಿಜಾಮರ ಸೀಮೆಯಲ್ಲಿದ್ದವರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಶಕ್ತಿನಗರದ ಕರೆಂಟು, ಹಟ್ಟಿಯ ಚಿನ್ನ ಹೊರಗೆ ಹೋದವು. ರಾಯಚೂರು ಕೇಳಿದ ಐಐಟಿ ಧಾರವಾಡಕ್ಕೆ ಹೋಯಿತು. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಬಂದ ನಂಜುಂಡಪ್ಪ ವರದಿಯಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಇದೆಯಲ್ಲ, ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ.

ವೈಜನಾಥ ಪಾಟೀಲರಂಥ ಹೋರಾಟಗಾರರು ವರ್ಷಗಟ್ಟಲೆ ಬೀದಿಗಿಳಿದ ಮೇಲೆ, 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ನಮ್ಮ ಭಾಗಕ್ಕೆಂದೇ 371(ಜೆ) ವಿಧಿ ಬಂತು. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಗ್ರೂಪ್ ಬಿಯಲ್ಲಿ ಶೇ. 75, ಸಿಯಲ್ಲಿ ಶೇ. 80. ನಾನು ಮಾತ್ರ, ಅಳೋ ಮಗುವಿಗೆ ಪೆಪ್ಪರಮೆಂಟು ಕೊಟ್ಟಿದ್ದಾರೆ ಅಂತ ಭಾಷಣ ಮಾಡುತ್ತಿದ್ದೆ. ಅವ್ವ ದಿನಾ ಹೇಳುತ್ತಿದ್ದಳು, ‘ಮೊದಲ ಆ ಕಾಗದ ಮಾಡಿಸ್ಕೋ’ ಅಂತ. ಕಾಗದ ಅಂದರೆ 371(ಜೆ) ಅರ್ಹತಾ ಪ್ರಮಾಣಪತ್ರ. ಭಾಷಣ ಮಾಡಿದವನು ಅದೇ ಕಾಗದಕ್ಕೆ ಕ್ಯೂ ನಿಂತರೆ ಗೆಳೆಯರು ನಗುತ್ತಾರೆ ಅಂತ ಬಿಟ್ಟೆ.

ಗ್ರೂಪ್ ಸಿ ನೇಮಕಾತಿ ಕರೆದರು. ಆಗ ಓಡಿದೆ. ಗುಮಾಸ್ತರು ಜನನ ಪ್ರಮಾಣಪತ್ರ ನೋಡಿ, ‘ತಮ್ಮಾ, ಹುಟ್ಟಿದ್ದು ಸೊಲ್ಲಾಪುರದಾಗ ಅಂತ ಅದಲ್ಲ?’ ಅಂದರು. ಚೊಚ್ಚಲ ಹೆರಿಗೆಗೆ ಅವ್ವ ತವರಿಗೆ ಹೋಗಿದ್ದಳು, ಅಷ್ಟೇ! ಆದರೆ ದಾಖಲೆಯ ಲೆಕ್ಕದಲ್ಲಿ ನಾನು ಮಹಾರಾಷ್ಟ್ರದಲ್ಲಿ ಹುಟ್ಟಿದವನು. ಹತ್ತು ವರ್ಷ ಇಲ್ಲೇ ಇದ್ದದ್ದಕ್ಕೆ ಪುರಾವೆ ತರಬೇಕು. ನಮ್ಮೂರ ಶಾಲೆಗೆ ಬೇಸಿಗೆ ರಜೆ, ಹೆಡ್‌ಮಾಸ್ಟರು ಊರಲ್ಲಿಲ್ಲ. ವ್ಯಾಸಂಗ ಪ್ರಮಾಣಪತ್ರ ಸಿಕ್ಕಿ, ಎಸಿ (ಸಹಾಯಕ ಆಯುಕ್ತ) ಸಾಹೇಬರ ಸಹಿ ಬೀಳುವಷ್ಟರಲ್ಲಿ ಅರ್ಜಿಯ ಕೊನೆ ದಿನ ದಾಟಿತ್ತು. ಅರ್ಜಿ ಮಾತ್ರ ಗಡುವಿನೊಳಗೇ ಹಾಕಿದ್ದೆ, ಅದರಲ್ಲಿ ‘ಸ್ಥಳೀಯ’ ಅಂತಲೇ ತುಂಬಿದ್ದೆ. ಪರೀಕ್ಷೆ ಪಾಸಾಯಿತು. ದಾಖಲೆ ನೋಡುವ ದಿನ ಅಧಿಕಾರಿ ಬೇರೇನೂ ಓದಲಿಲ್ಲ, ಸೀದಾ ಸಹಿಯ ಕೆಳಗಿನ ತಾರೀಖಿನ ಮೇಲೆ ಪೆನ್ನಿಟ್ಟರು. ಸ್ಥಳೀಯರ ಪಟ್ಟಿಯಿಂದ ಹೆಸರು ಹೋಯಿತು. ಇನ್ನೊಂದು ಪಟ್ಟಿಯ ಕಟ್‌ಆಫ್ ನನ್ನ ಅಂಕಕ್ಕಿಂತ ಜಾಸ್ತಿ. ಮುಂದಿನ ನೇಮಕಾತಿ ಹೊತ್ತಿಗೆ ವಯಸ್ಸು ಮೀರಿತು. ಈಗ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದೇನೆ. ತಾರೀಖು ದಾಟಿದ ಕಾಗದ ಹಿಡಿದುಕೊಂಡು ಬರುವವರು ಈಗಲೂ ಇದ್ದಾರೆ.

ರಾಜ್ಯ ಆದರೆ ಎಲ್ಲಾ ಸರಿಹೋಗುತ್ತದೆ ಅನ್ನುವುದನ್ನೇ ನಾನು ಒಪ್ಪಲ್ಲ. ತೆಲಂಗಾಣ ನೋಡಿ ಅಂತೀರಿ, ಅಲ್ವಾ? ನಿಜ, ಅವರೂ ನಿಜಾಮರ ಸೀಮೆಯವರೇ. 1969ರಲ್ಲೇ ದೊಡ್ಡ ಚಳವಳಿ ಮಾಡಿದರು, ರಾಜ್ಯ ಬಂದದ್ದು 2014ರಲ್ಲಿ. ಬಂದಾಗ ಜೊತೆಗೆ ಹೈದರಾಬಾದು ಬಂತು, ಅದರ ತೆರಿಗೆ ಬಂತು. ನಮಗೆ ಯಾವ ಹೈದರಾಬಾದು ಬರುತ್ತೆ? ಇನ್ನು ನಮ್ಮ ಭಾಗದಲ್ಲೇ ಇರುವ ಬಳ್ಳಾರಿ. ಅದು ನಿಜಾಮರದ್ದಲ್ಲ, ಮದರಾಸಿನಿಂದ ಬಂದದ್ದು. ಅಲ್ಲಿಂದ ಕಲಬುರಗಿಯೂ ಬೆಂಗಳೂರೂ ಹೆಚ್ಚುಕಡಿಮೆ ಒಂದೇ ದೂರ. ಕಲಬುರಗಿ ರಾಜಧಾನಿ ಅಂದರೆ ಅವರು ಕುಣಿದಾಡ್ತಾರಾ? ಸುರಪುರದ ಹಳ್ಳಿಯವನಿಗೂ ತಾಲ್ಲೂಕು ಕಚೇರಿಯ ಖಾಲಿ ಕುರ್ಚಿಯೇ ಬೆಂಗಳೂರಿಗಿಂತ ದೊಡ್ಡ ತಲೆನೋವು.

ಧರಣಿ ಕೂರಬೇಡಿ ಅನ್ನುತ್ತಿಲ್ಲ. ಖಾಲಿ ಹುದ್ದೆ ತುಂಬಿ ಅಂತ ಕೂರಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಘೋಷಿಸಿದ್ದಾರಲ್ಲ, ನಮ್ಮ ತಾಲ್ಲೂಕಿಗೆ ಎಷ್ಟು ಬಂತು, ಯಾವ ಕಾಮಗಾರಿಗೆ ಹೋಯಿತು ಅಂತ ಕೇಳಿ. ಇದಕ್ಕೆ ಉತ್ತರ ಕೊಡಲೇಬೇಕು. ರಾಜ್ಯ ಕೇಳಿದರೆ ‘ಅದು ಸಂಸತ್ತಿನ ಕೈಯಲ್ಲಿದೆ’ ಅಂದು ಜಾರಿಕೊಳ್ಳುತ್ತಾರೆ.

ಅಂದಹಾಗೆ, ನಿಮ್ಮ ಜನನ ಪ್ರಮಾಣಪತ್ರದಲ್ಲಿ ಊರು ಯಾವುದಿದೆ? ತಾಯಿಯ ತವರು ತೆಲಂಗಾಣದ ನಾರಾಯಣಪೇಟೆ, ಮಹಬೂಬನಗರದ ಕಡೆ ಇದ್ದು ನೀವು ಅಲ್ಲೇ ಹುಟ್ಟಿದ್ದರೆ ಈ ವಾರವೇ ನಿಮ್ಮ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರ ತೆಗೆಸಿಕೊಳ್ಳಿ. ಒಂದೇ ಶಾಲೆಯಲ್ಲಿ ಹತ್ತು ವರ್ಷ ಆಗಿರದಿದ್ದರೆ ಓದಿದ ಎರಡೂ ಶಾಲೆಗಳಿಗೆ ಹೋಗಬೇಕು.