ವಿಡಿಯೊ ನೋಡಿದರೆ ಅರ್ಥವಾಗುತ್ತೆ, ಬರೆಯಲು ಕೂತರೆ ಕೈ ಓಡಲ್ಲ

ಪ್ರಶ್ನೆ: ಮಗಳು ಬಿ.ಎಸ್ಸಿ. ಐಟಿ ಮೊದಲ ವರ್ಷ. ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತೆ ಅಂತಾಳೆ. ಲ್ಯಾಬ್‌ನಲ್ಲಿ ತಾನೇ ಪ್ರೋಗ್ರಾಂ ಬರೆಯಲು ಕೂತರೆ ಕೈ ಓಡುವುದಿಲ್ಲವಂತೆ. ಟ್ಯೂಷನ್ ಸರ್, "ಇದಕ್ಕೆ ಬೇರೆ ತಲೆನೇ ಬೇಕು, ಕಾಮರ್ಸ್‌ಗೆ ಹಾಕಿ" ಅಂದರು. ನನಗೆ ಕಂಪ್ಯೂಟರ್ ಗೊತ್ತಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅಮ್ಮಾ, ಈಗಲೇ ಕೋರ್ಸ್ ಬದಲಿಸಬೇಡಿ. "ಬೇರೆ ತಲೆ ಬೇಕು" ಅನ್ನುವ ಮಾತು ಓದಿ ನನಗೆ ಬೇಸರವಾಯಿತು. ಈ ತೊಂದರೆ ನಿಮ್ಮ ಮಗಳೊಬ್ಬಳದ್ದಲ್ಲ. 2001ರಲ್ಲಿ ಕೆಲವು ದೇಶಗಳ ಪ್ರಾಧ್ಯಾಪಕರು ಸೇರಿ, ಆಗಷ್ಟೇ ಪ್ರೋಗ್ರಾಮಿಂಗ್ ಕಲಿತ 216 ವಿದ್ಯಾರ್ಥಿಗಳಿಗೆ ಕ್ಯಾಲ್ಕುಲೇಟರ್‌ನಂಥ ಸಣ್ಣ ಪ್ರೋಗ್ರಾಂ ಬರೆಯಲು ಕೊಟ್ಟರು. 110 ಅಂಕಕ್ಕೆ ಬಂದ ಸರಾಸರಿ 23ರ ಹತ್ತಿರ!

2004ರಲ್ಲಿ ಆಸ್ಟ್ರೇಲಿಯಾದ ಕಂಪ್ಯೂಟರ್ ಶಿಕ್ಷಕ ರೇಮಂಡ್ ಲಿಸ್ಟರ್ ಮತ್ತು ಜೊತೆಗಾರರು ಏಳು ದೇಶಗಳಲ್ಲಿ ಬೇರೆ ಥರ ಪರೀಕ್ಷೆ ಮಾಡಿದರು. ಪ್ರೋಗ್ರಾಂ ತಾವೇ ಕೊಟ್ಟು, ಇದರ ಉತ್ತರ ಏನು ಬರುತ್ತೆ ಎಂದು ಕೇಳಿದರು. ಅಲ್ಲೂ ಎಷ್ಟೋ ಮಕ್ಕಳು ಎಡವಿದರು. ಸಾಲು ಸಾಲಿಗೂ ಬೆಲೆ ಏನಾಯಿತು, ಅಂದರೆ ಯಾವುದರಲ್ಲಿ ಈಗ ಎಷ್ಟಿದೆ ಎಂದು ಹಾಳೆಯ ಮೇಲೆ ಗೀಚಿಕೊಂಡವರ ಉತ್ತರ ಜಾಸ್ತಿ ಸರಿಯಿತ್ತು. ಅಂದರೆ, ಇನ್ನೂ ಪ್ರೋಗ್ರಾಂ ಓದಲು ಬಾರದ ಮಕ್ಕಳನ್ನು ನಾವು ಬರೆಯಲು ಕೂರಿಸುತ್ತಿದ್ದೇವೆ.

ಇವತ್ತು ಮಗಳಿಗೆ ಇದನ್ನು ಕೇಳಿ ನೋಡಿ:

ಎ = 5
ಬಿ = ಎ
ಎ = 9

ಈಗ ಬಿ ಎಷ್ಟು? ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ "9" ಅನ್ನುವವರು ಇರುತ್ತಾರೆ. ಗಣಿತದಲ್ಲಿ ಸಮ ಅಂದರೆ ಯಾವಾಗಲೂ ಸಮ, ಅಲ್ವಾ? ಅವರು ದಡ್ಡರಲ್ಲ, ಶಾಲೆಯಲ್ಲಿ ಕಲಿತದ್ದನ್ನೇ ಇಲ್ಲಿಗೂ ತಂದಿದ್ದಾರೆ. ಪ್ರೋಗ್ರಾಂನಲ್ಲಿ ಎ, ಬಿ ಎಂಬುವು ಸಂಖ್ಯೆ ಇಡುವ ಡಬ್ಬಿಗಳಿದ್ದಂತೆ. "=" ಗುರುತು, ಬಲಗಡೆ ಈಗ ಏನಿದೆಯೋ ಅದರ ನಕಲನ್ನು ಎಡಗಡೆಯ ಡಬ್ಬಿಗೆ ಹಾಕು ಅನ್ನುತ್ತದೆ, ಅಷ್ಟೇ. ಆಮೇಲೆ ಎ ಬದಲಾದರೂ ಬಿಗೆ ಸುದ್ದಿ ಹೋಗುವುದಿಲ್ಲ. ಬಿ 5 ಆಗಿಯೇ ಉಳಿಯುತ್ತದೆ. ವಿಡಿಯೊ ನೋಡುವಾಗ ಈ ತಪ್ಪು ಸಿಕ್ಕಿಬೀಳುವುದಿಲ್ಲ. ಅಲ್ಲಿ ಲೆಕ್ಕ ಹಾಕುವವರು ಬೇರೆಯವರು.

ಅವಳ ಲ್ಯಾಬ್ ಜರ್ನಲ್ ತೆಗೆಸಿ. ಸುಮ್ನೆ ನಕಲು ಮಾಡಿದ ಪ್ರೋಗ್ರಾಂಗಳೇ ತುಂಬಿರುತ್ತವೆ. ಒಂದನ್ನು ಆರಿಸಿ, ಪೆನ್ಸಿಲ್ ಕೊಟ್ಟು, ಪಕ್ಕದಲ್ಲಿ ಬೆಲೆಗಳನ್ನು ಬರೆಯುತ್ತಾ ಹೋಗಲಿ. ನೀವು "ಈಗ ಇದರಲ್ಲಿ ಎಷ್ಟಿದೆ?" ಎಂದು ಕೇಳುತ್ತಿದ್ದರೆ ಸಾಕು. ಕೊನೆಗೆ ಕಂಪ್ಯೂಟರ್‌ನಲ್ಲಿ ಓಡಿಸಿ ತಾಳೆ ನೋಡಲಿ. ಕನ್ನಡದಲ್ಲೇ ಕೇಳಬೇಕೆನಿಸಿದರೆ ಪವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಿವೆ. ಅವನ್ನೂ ನಿಲ್ಲಿಸಿ ನಿಲ್ಲಿಸಿ, ಜೊತೆಜೊತೆಗೆ ಮಾಡುತ್ತಾ ನೋಡಬೇಕು.

ಇದು ಹಿಡಿತಕ್ಕೆ ಬಂದ ಮೇಲೂ ನೇರ ಖಾಲಿ ಪರದೆಗೆ ಹೋಗಬೇಡಿ. ನ್ಯೂಜಿಲೆಂಡ್‌ನ ಇಬ್ಬರು ಶಿಕ್ಷಕಿಯರು 2006ರಲ್ಲಿ ಒಂದು ಅಭ್ಯಾಸ ಹೊರತಂದರು. ಪ್ರೋಗ್ರಾಂನ ಸಾಲುಗಳನ್ನು ಕಲಸಿ ಕೊಡುವುದು, ಮಕ್ಕಳು ಸರಿಯಾಗಿ ಜೋಡಿಸುವುದು. ಇದಕ್ಕೆ ನೀವೇ ಸಾಕು. ಎಂಟು ಸಾಲಿನ ಪ್ರೋಗ್ರಾಂ ಒಂದರ ಜೆರಾಕ್ಸ್ ತೆಗೆಸಿ, ಕತ್ತರಿಯಿಂದ ಪಟ್ಟಿ ಮಾಡಿ, ಕಲಸಿ ಊಟದ ಮೇಜಿನ ಮೇಲಿಡಿ. ಎರಡನೇ ವಾರ ಬೇರೆ ಪ್ರೋಗ್ರಾಂನ ಒಂದು ಸಾಲನ್ನೂ ಅದರಲ್ಲಿ ಸೇರಿಸಿಬಿಡಿ, ಯಾವುದು ಬೇಡದ ಸಾಲು ಎಂದು ಅವಳೇ ಹುಡುಕಲಿ.